ಬಾಗಲವಾಡದಿಂದ ತಂದ ಮಗ

"ಅಷ್ಟು ಒತ್ತಬ್ಯಾಡ್ರಿ, ಮಸಿ ಹರಡತದ," ಎನ್ನುತ್ತ ಜಗದೀಶ ಅಜ್ಜಿಯ ಹೆಬ್ಬೆರಳನ್ನು ತಾನೇ ಹಿಡಿದು ಕಾಗದದ ಮೇಲಿಂದ ಎತ್ತಿದ. "ಇನ್ನೊಂದು ಇಲ್ಲಿ. ಹಗೂರಕ."

ಅಜ್ಜಿ ಹಗೂರಕ್ಕೆ ಒತ್ತಿದಳು. ನೀಲಿಯಾದ ಬೆರಳನ್ನು ಮೂಗಿನ ಹತ್ತಿರ ತಂದು ನೋಡಿ ನಕ್ಕಳು.

"ಮುಗೀತೇನಪಾ? ಹಂಗಾದ್ರ ಇವನ್ನ ನಾ ಹಡದಿಲ್ಲ?"

"ಹಡದಿಲ್ಲಜ್ಜಿ. ಸಾಕಿದ್ದು."

"ಮತ್ತ ಹಗಲಿ ರಾತ್ರಿ ಬ್ಯಾನಿ ತಿಂದಾಕಿ?"

"ಆಕಿ ಬಾಗಲವಾಡದಾಕಿ."

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ತಾತ ಹಲ್ಲುಸೆಟ್ಟು ಅಲುಗಾಡುವಂತೆ ನಕ್ಕ. ಅಜ್ಜಿ ಈಗಷ್ಟೇ ತಾನು ಹಡೆಯಲಿಲ್ಲವೆಂದು ಬರೆದುಕೊಟ್ಟ ಮಗ ಮೌನೇಶ, ಅವನೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನಕ್ಕ. ಮನೆಯ ಹಿಂದೆ ನಮ್ಮ ರೈಸ್ ಮಿಲ್ಲು ತನ್ನ ಪಾಡಿಗೆ ಗಿರಗುಡುತ್ತಿತ್ತು. ನಾನು ಜಗದೀಶನ ಕೈಯನ್ನೇ ನೋಡುತ್ತಿದ್ದೆ. ಅವನು ಆ ಬಾಂಡ್ ಪೇಪರನ್ನು ಒಣಗಲೆಂದು ಫ್ಯಾನಿನ ಕೆಳಗೆ ಹಿಡಿದಿದ್ದ, ಕರಿದ ಹಪ್ಪಳ ಹಿಡಿದ ಹಾಗೆ ಎರಡೇ ಬೆರಳಲ್ಲಿ.

ಮೌನೇಶ ನನ್ನ ಗಂಡ. ನನ್ನ ಅವ್ವನ ಕೊನೆಯ ತಮ್ಮ. ಹಾಗಾಗಿ ಈ ಅಮರಮ್ಮ ನನಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ವಿರೂಪಣ್ಣ ತಾತನೂ ಹೌದು, ಮಾವನೂ ಹೌದು. ಮಾನ್ವಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕನ ಮಗಳನ್ನು ಮಾಡಿಕೊಂಡಿದ್ದಾನೆ ಅಂದರೆ ಎದುರಿನವರು ಚೊಲೋ ಆತು ಬಿಡ್ರಿ ಅನ್ನುತ್ತಾರೆ. ಬಿಡಿಸಿ ಹೇಳಬೇಕಾಗಿ ಬಂದದ್ದು ಇಂಗ್ಲೆಂಡಿಗೆ.

ನಾನು ಅಲ್ಲಿ, ಲೀಡ್ಸ್ ಅನ್ನುವ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾದ ಎರಡನೇ ತಿಂಗಳಿಗೆ ಹೋದವಳು, ವರ್ಷಕ್ಕೊಮ್ಮೆ ರಜೆಗೆ ಬರುತ್ತೇನೆ. ಹೋದ ವರ್ಷ ನನಗೆ ಅಲ್ಲಿ ಕಾಯಂ ಇರಲು ಪರವಾನಗಿ ಸಿಕ್ಕಿತು. ಇನ್ನು ಗಂಡನನ್ನು ಕರೆಸಿಕೊಳ್ಳಬಹುದು ಅಂತ ಅರ್ಜಿ ಹಾಕಿದೆವು. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಮದುವೆಯ ಹೊರತಾಗಿ ನಿಮ್ಮಿಬ್ಬರ ನಡುವೆ ಬೇರೇನಾದರೂ ಸಂಬಂಧ ಇದೆಯೇ? ನಾನು ಅಲ್ಲಿ ವಾರ್ಡಿನಲ್ಲಿದ್ದಾಗ ಇಲ್ಲಿ ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಮೌನೇಶ ಅದನ್ನು ತುಂಬಿದ. ಇದೆ, ಅಂದ. ಅಷ್ಟಕ್ಕೇ ಬಿಡಲಿಲ್ಲ. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿದ. ತಾತನ ಹೆಸರು ಎರಡೂ ಕಡೆ ಅಚ್ಚಾಗಿದ್ದ ಲಗ್ನಪತ್ರಿಕೆ ಇಟ್ಟ. ಸಮಾಜದ ಹಿರಿಯರಿಂದ ಒಂದು ಪತ್ರ ಬರೆಸಿದ: ಹುಡುಗಿ ಹುಡುಗನ ಸ್ವಂತ ಒಡಹುಟ್ಟಿದ ಅಕ್ಕನ ಮಗಳಿದ್ದು, ಈ ಸಂಬಂಧದಲ್ಲಿ ಯಾವ ಸಂಶಯಕ್ಕೂ ಎಡೆಯಿಲ್ಲ.

"ಖೊಟ್ಟಿ ಲಗ್ನ ಮಾಡ್ಕೊಂಡು ಬರತಾರಂತ ಅವರಿಗೆ ಸಂಶಯ," ಎಂದು ಆಮೇಲೆ ಫೋನಿನಲ್ಲಿ ಖುಷಿಯಿಂದ ವಿವರಿಸಿದ. "ನಾವು ಹುಟ್ಟಿನಿಂದ ಒಂದ ಮನಿಯವರು ಅಂತ ತೋರಿಸಿಬಿಟ್ರ ಸಂಶಯ ಎಲ್ಲಿಂದ ಬರಬೇಕು?"

ನನಗೂ ಆ ಕಾನೂನು ಗೊತ್ತಿರಲಿಲ್ಲ. ಉತ್ತರ ಬಂದಾಗ ಗೊತ್ತಾಯಿತು. ಅರ್ಜಿದಾರರು ಆ ಮಹಿಳೆಯ ತಾಯಿಯ ಸಹೋದರ; ಇದು ನಿಷೇಧಿತ ಸಂಬಂಧಗಳ ಸಾಲಿನಲ್ಲಿ ಬರುತ್ತದೆ; ಅರ್ಜಿ ತಿರಸ್ಕರಿಸಲಾಗಿದೆ. ಬರೆದವರು ಬೈದಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ನಾನು ರಜೆ ಹಾಕಿ ಬಂದೆ. ತಾತನಿಗೆ ಕನ್ನಡದಲ್ಲಿ ಓದಿ ಹೇಳಿದೆ.

"ಯಾರಿಗೆ ನಿಷೇಧ?" ತಾತ ಎದ್ದು ನಿಂತಿದ್ದ. "ನಮ್ಮವ್ವ ಆಕಿ ಸೋದರಮಾವನ್ನ ಮಾಡ್ಕೊಂಡಿದ್ಲು. ಎಪ್ಪತ್ತೆಂಟು ವರ್ಷದಿಂದ ನಾ ಗಟ್ಟಿಮುಟ್ಟ ಅದೀನಿ. ಬಂದು ನೋಡಂತ ಹೇಳು ಅವರಿಗೆ!"

ಆ ಸಿಟ್ಟು ಜಗದೀಶ ಮನೆಗೆ ಬರುವ ತನಕ ಇತ್ತು. ಜಗದೀಶನದು ರಾಯಚೂರಿನಲ್ಲಿ ವೀಸಾ ಕೆಲಸ ಮಾಡಿಕೊಡುವ ಅಂಗಡಿ. ಅವನು ಚಾ ಕುಡಿಯುತ್ತ, ಕಾನೂನು ಬೇಡ ಅನ್ನುವುದು ರಕ್ತಸಂಬಂಧವನ್ನು, ಮೌನೇಶ ಸಾಕುಮಗ ಅಂತಾದರೆ ರಕ್ತ ಇಲ್ಲ, ರಕ್ತ ಇಲ್ಲ ಅಂದರೆ ಅಡ್ಡಿ ಇಲ್ಲ ಅಂದ. ಹೆತ್ತವಳದೊಂದು, ಅಕ್ಕನದೊಂದು, ಹೆಂಡತಿಯದೊಂದು ಅಫಿಡವಿಟ್. ಹೊಸ ವಂಶವೃಕ್ಷ ತನ್ನ ಜವಾಬ್ದಾರಿ. ತಾತ ಕಪ್ಪು ಕೆಳಗಿಡುವುದರೊಳಗೆ ಒಪ್ಪಿದ್ದ.

ಅಜ್ಜಿಯದು ಮುಗಿಯಿತು. ಇನ್ನು ಅವ್ವ ಇರುವ ದೇವದುರ್ಗಕ್ಕೆ ಹೋಗಿ ಅವಳ ಸಹಿ, ಅಲ್ಲಿಂದ ರಾಯಚೂರಿಗೆ ಹೋಗಿ ನೋಟರಿಯ ಮುಂದೆ ನನ್ನದು.

ಜಗದೀಶನ ಕಾರು ಸಿರವಾರ ದಾಟಿತು. ರಸ್ತೆಯ ಬದಿಗೆ ಮೆಣಸಿನಕಾಯಿ ಹರವಿದ್ದರು. ಕಿಟಕಿ ಏರಿಸಿದರೂ ಘಾಟು ಒಳಗೆ ಬರುತ್ತಿತ್ತು. ಮುಂದಿನ ಸೀಟಿನಲ್ಲಿ ಮೌನೇಶ ಪಾಠ ಒಪ್ಪಿಸುತ್ತಿದ್ದ.

"ನಮ್ಮಪ್ಪನ ಹೆಸರು ಏನಂದ್ರಿ?"

"ದೊಡ್ಡಪ್ಪ. ಸತ್ತಾರ. ಚಿಂತಿ ಇಲ್ಲ."

"ನಮ್ಮವ್ವ?"

"ಅವರೂ ಇಲ್ಲ. ನಿಮ್ಮನ್ನ ಹಡದಾಗನ ಹೋದ್ರು. ಕೂಸಿಗೆ ಯಾರೂ ದಿಕ್ಕಿಲ್ಲಂತ ವಿರೂಪಣ್ಣಾರು ಬಾಗಲವಾಡದಿಂದ ಎತ್ಕೊಂಡು ಬಂದ್ರು."

ಮೌನೇಶ ಸ್ವಲ್ಪ ಹೊತ್ತು ಹೊಲಗಳನ್ನು ನೋಡಿದ. "ಪಾಪ," ಅಂದ.

ಇಲ್ಲದ ಹೆಂಗಸಿಗೆ ಪಾಪ ಅಂದ. ಹಿಂದಿನ ಸೀಟಿನಲ್ಲಿ ಇದ್ದವಳ ಕಡೆ ತಿರುಗಲಿಲ್ಲ. ನನಗೆ ಅವನ ತಲೆಯ ಹಿಂಭಾಗಕ್ಕೆ ನೀರಿನ ಬಾಟಲಿಯಿಂದ ಹೊಡೆಯಬೇಕು ಅನ್ನಿಸಿತು. ಅದೇ ತಲೆಯನ್ನು ಮೊನ್ನೆ ನಾನೇ ಎಣ್ಣೆ ಹಚ್ಚಿ ತಿಕ್ಕಿದ್ದೆ.

ಇವನು ಕೆಟ್ಟವನಲ್ಲ. ನನ್ನ ಕಷ್ಟ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಆ ತಿರಸ್ಕಾರದ ಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆ. ಸಣ್ಣವಳಿದ್ದಾಗ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ತಿರುಗಾಡಿದವನು. ಮದುವೆಯಾದ ಮೇಲೆ ನಾವು ಗಂಡ ಹೆಂಡತಿ ಆದದ್ದು ಫೋನಿನಲ್ಲಿ, ನಾನು ಅಲ್ಲಿ, ಇವನು ಇಲ್ಲಿ. ಅಲ್ಲಿಯ ಚಳಿಗೆ ನನ್ನ ಕೈ ಒಡೆದರೆ ಇಲ್ಲಿಂದ ಕುಸುಬಿ ಎಣ್ಣೆ ಕಳಿಸಿದ. ಶೇಂಗಾ ಹಿಂಡಿ ಕಳಿಸಿದ. ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆ ಬರೆಯಬೇಕು ಅಂದಾಗ ಮಿಲ್ಲಿನಲ್ಲಿ ಭತ್ತದ ಚೀಲಗಳ ನಡುವೆ ಕೂತು ವಾಕ್ಯ ಗಟ್ಟಿ ಮಾಡಿದ. ಹೈದರಾಬಾದಿನಲ್ಲಿ ಪರೀಕ್ಷೆ ತೆಗೆದುಕೊಂಡಾಕೆ ನಿಮ್ಮ ಕುಟುಂಬದ ಬಗ್ಗೆ ಹೇಳಿ ಅಂದಳಂತೆ. ಮೈ ಸಿಸ್ಟರ್ ಈಸ್ ಮೈ ಮದರ್ ಇನ್ ಲಾ ಅಂದನಂತೆ. ಪಾಸಾದ.

ನಾನು ಅವನನ್ನು ಈಗಲೂ ಮಾಮಾ ಅಂತಲೇ ಕರೆಯುತ್ತೇನೆ. ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಅಲ್ಲಿಯವರಿಗೆ ಮಾಮಾ ಅಂದರೆ ಅಮ್ಮ; ಅದನ್ನು ಕೇಳಿ ನನ್ನ ಜೊತೆಯ ನರ್ಸ್ ಸಾರಾ, ದಿನಾ ತಾಯಿಗೆ ಫೋನ್ ಮಾಡುವ ಮಗಳು ಅಂತ ಬಹಳ ದಿನ ನನ್ನನ್ನು ಮೆಚ್ಚಿಕೊಂಡಿದ್ದಳು. ಗಂಡ ಹೇಗೆ ಪರಿಚಯ ಅಂತ ಕೇಳಿದಾಗ ನಮ್ಮ ಓಣಿಯವನು ಅಂದಿದ್ದೆ. ಅವಳಿಗೆ ಯಾಕೆ ಹೇಳಬೇಕು? ಹೇಳಿದರೆ ಆ ಮುಖ ಹೇಗಾಗುತ್ತದೆ ಅಂತ ಗೊತ್ತು. ಆ ಮುಖದ ಮೇಲೂ ನನಗೆ ಸಿಟ್ಟಿದೆ. ನಮ್ಮನ್ನು ದನದ ಕೊಟ್ಟಿಗೆಯಿಂದ ಎದ್ದು ಬಂದವರ ಹಾಗೆ ನೋಡುವುದಕ್ಕೆ ಇವರು ಯಾರು? ಆದರೆ ಸಾರಾಳ ಮುಖದ ಮೇಲಿನ ಸಿಟ್ಟು ನನ್ನನ್ನು ತಾತನ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ, ಅಲ್ಲಿಯೂ ನನಗೆ ನಿಲ್ಲಲಾಗುವುದಿಲ್ಲ.

ದೇವದುರ್ಗದಲ್ಲಿ ಅವ್ವ ಒಲೆಯ ಮುಂದೆ ಇದ್ದಳು. ತಮ್ಮನ ದನಿ ಕೇಳಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಬಾರೋ ಅನಾಥ ಕೂಸ," ಎಂದಳು. ಫೋನಿನಲ್ಲಿ ಅವಳಿಗೆ ಎಲ್ಲ ತಿಳಿದಿತ್ತು. "ಯಾ ಊರಾವೋ ನೀ?"

"ಬಾಗಲವಾಡ," ಎಂದ ಮೌನೇಶ, ನಗುತ್ತ.

"ಅಲ್ಲಿ ನೀರಿಲ್ಲಂತ ಇಲ್ಲಿಗಿ ಬಂದೇನು? ಕೂಡು, ಉಣ್ಣು."

ಉಂಡರು. ಅವ್ವ ಜಗದೀಶನಿಗೆ ಎರಡು ಸಲ ಬೆಣ್ಣೆ ಹಾಕಿದಳು. ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಾಗದವನ್ನು ಮಂಡಿಯ ಮೇಲೆ ಇಟ್ಟುಕೊಂಡಳು. ನನ್ನ ತಂದೆ ವಿರೂಪಣ್ಣನವರಿಗೆ ಗಂಡು ಸಂತಾನ ಇಲ್ಲದ ಕಾರಣ, ಅಂತ ಶುರುವಾಗಿತ್ತು. ಅದನ್ನು ಓದಿ ತಲೆ ಎತ್ತಿದಳು.

"ಏನ್ರಿ ಜಗದೀಶ, ನಮ್ಮ ದೊಡ್ಡ ತಮ್ಮನ್ನೂ ತೆಗೆದುಬಿಟ್ರಿ?"

"ಅವರು ಆಮ್ಯಾಲ ಹುಟ್ಟಿದಂಗ ತೋರಿಸೀವ್ರಿ. ದಾಖಲಿ ಹೊಂದಬೇಕಲ್ಲ."

"ತೋರಿಸ್ರಿ ತೋರಿಸ್ರಿ." ಬಸವಂತಮ್ಮ ಅಂತ ದುಂಡಗೆ, ಒಂದೊಂದೇ ಅಕ್ಷರ ಬರೆದಳು. ಬರೆದು ದೂರ ಹಿಡಿದು ನೋಡಿದಳು. "ಹಂಗಾದ್ರ ಇವ ನನ್ನ ತಮ್ಮ ಅಲ್ಲ."

"ಕಾಗದದಾಗ ಅಷ್ಟ, ಅಕ್ಕ," ಎಂದ ಮೌನೇಶ.

"ಗೊತ್ತಾತು ಬಿಡೋ. ಅಳಿಯ ಅಂತೂ ಹೌದಲ್ಲ, ಅಷ್ಟು ಸಾಕು."

ಮತ್ತೆ ನಗು.

"ಅವ್ವಾ, ಇಷ್ಟು ಸಸಾರ ಅದೇನು?" ಎಂದೆ.

"ಯಾವುದು?"

"ರಕ್ತ."

ಅವ್ವ ನನ್ನನ್ನೇ ನೋಡಿದಳು. ಜಗದೀಶ ಎದ್ದು, ಕಾರು ತಿರುಗಿಸ್ತೀನಿ ಅಂತ ಹೊರಗೆ ಹೋದ. ಇಂಥ ಹೊತ್ತಿನಲ್ಲಿ ಎದ್ದು ಹೋಗುವುದು ಅವನ ಕಸುಬಿನ ಭಾಗ ಇರಬೇಕು.

"ಎಂಥಾ ಮಾತಾಡ್ತೀಯಬೇ? ನಿನ್ನ ಸಂಸಾರ ಒಂದು ಕಡೆ ಆಗಲಂತ ಹಾಕಾಕತ್ತೀನಿ ಸಹಿ. ನನಗೇನು ಹಬ್ಬ ಏನು?"

"ಅವತ್ತೂ ನನ್ನ ಸಂಸಾರಕ್ಕಂತನ ಅಂದಿದ್ದಿ."

"ಯಾವತ್ತು?"

ಯಾವತ್ತು ಅಂತ ಅವಳಿಗೆ ಗೊತ್ತಿತ್ತು. ಇದೇ ಒಲೆಯ ಮುಂದೆ. ಲೀಡ್ಸಿನ ನೌಕರಿಯ ಪತ್ರ ಬಂದ ವಾರ. ಹೊರದೇಶಕ್ಕೆ ಹೋಗುವ ಹುಡುಗಿ ಕೊರಳಿಗೆ ಕಟ್ಟಿಸಿಕೊಂಡೇ ಹೋಗಲಿ ಅಂತ ಮಾನ್ವಿಯಲ್ಲಿ ಮಾತಾಗಿತ್ತು. ನಾನು ಅವ್ವನಿಗೆ, ಬ್ಯಾಡವ್ವ, ಅವ ನನ್ನ ಮಾಮಾ, ಅಂದಿದ್ದೆ. ಅವ್ವ ರೊಟ್ಟಿ ತಿರುವಿ ಹಾಕುತ್ತ, ಅದಕ್ಕ ಅಲ್ಲೇನಬೇ ಕೊಡೋದು, ಅಂದಿದ್ದಳು. ನಾನು ಬೇಡ ಅನ್ನುವುದಕ್ಕೆ ಕೊಟ್ಟ ಕಾರಣವನ್ನೇ ಅವರು ಹೌದು ಅನ್ನುವುದಕ್ಕೆ ಇಟ್ಟುಕೊಂಡಿದ್ದರು. ಆಮೇಲೆ ತಾತ ಬಂದ, ದೊಡ್ಡ ಮಾಮಾ ಬಂದ, ಸಮಾಜದ ಹಿರಿಯರು ಬಂದರು. ಎಲ್ಲರ ಬಾಯಲ್ಲೂ ರಕ್ತ. ನಮ್ಮ ರಕ್ತ ಹೊರಗ ಹೋಗಬಾರದು. ರಕ್ತ ಅಂದ ಮ್ಯಾಲ ಜೀವ ಇರತದ. ನಾನು ಕಾಲೇಜಿನಲ್ಲಿ ಓದಿದ್ದನ್ನು ಹೇಳಲು ಹೋದೆ. ಹತ್ತಿರದ ಸಂಬಂಧದಲ್ಲಿ ಹುಟ್ಟುವ ಮಕ್ಕಳ ಬಗ್ಗೆ. ತಾತ ತನ್ನ ತೋಳು ಮಡಚಿ ತೋರಿಸಿದ.

ದಿನಾ ಸೂಜಿ ಚುಚ್ಚಿ ರಕ್ತ ತೆಗೆಯುವವಳು ನಾನು. ಕೊಳವೆಯಲ್ಲಿ ಅದು ಎಷ್ಟು ಬೇಗ ಕಪ್ಪಾಗುತ್ತದೆ ಅಂತ ಇವರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಮದುವೆಯ ದಿನ ಅವ್ವ ಎರಡೂ ಕಡೆ ಓಡಾಡಿದಳು. ಅಕ್ಕನಾಗಿ ತಮ್ಮನಿಗೆ ಆರತಿ ಎತ್ತಿದಳು, ತಾಯಿಯಾಗಿ ನನ್ನನ್ನು ತಬ್ಬಿ ಅತ್ತಳು. ಅತ್ತು ಕಳಿಸಿದ್ದು ತನ್ನ ತವರುಮನೆಗೇ.

"ಏಳು ವರ್ಷ ಆತು. ಇನ್ನೂ ಅದನ್ನ ಹಿಡಕೊಂಡು ಕುಂತೀ?" ಅವ್ವನ ದನಿ ಏರಿತು. "ಅವ ನಿನಗೇನು ಕಡಿಮಿ ಮಾಡ್ಯಾನ? ಬಡದಾನ? ಕುಡದಾನ?"

"ಇಲ್ಲ."

"ಅವನ್ನ ಬಿಟ್ಟಿರಾಕ ಆಗವಲ್ದು ಅಂತ ನನ್ನ ಮುಂದ ಫೋನಿನಾಗ ಅತ್ತಾಕಿ ಯಾರು?"

"ನಾನ."

"ಮತ್ತ?"

ಮೌನೇಶ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಇಬ್ಬರೂ ತನ್ನ ಬಗ್ಗೆಯೇ ಮಾತಾಡುತ್ತಿದ್ದೇವೆ ಅನ್ನುವುದು ಅವನಿಗೆ ತಿಳಿಯದ ಹಾಗೆ.

"ನೀವೆಲ್ಲ ಅವತ್ತು ರಕ್ತ ರಕ್ತ ಅಂತ ನನ್ನ ಬಾಯಿ ಮುಚ್ಚಿಸಿದ್ರಿ," ಎಂದೆ. "ಇವತ್ತು ಊಟದ ಹೊತ್ತಿನೊಳಗ ಅದನ್ನ ಒರೆಸಿಬಿಟ್ರಿ. ನಕ್ಕೋತ. ಒರೆಸಾಕ ಬರತಿತ್ತು ಅಂದ್ರ ಅವತ್ತ ಯಾಕ ಒರೆಸಲಿಲ್ಲ?"

"ಏನ್ ಹೇಳಾಕತ್ತೀಯೋ ನನಗ ತಿಳಿಯವಲ್ದು," ಎಂದಳು ಅವ್ವ. ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ ಅನ್ನಿಸಿತು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಅವಳು ಡಬ್ಬಿಯಲ್ಲಿ ರೊಟ್ಟಿ ಕಟ್ಟಿ ನನ್ನ ಕೈಗೆ ಕೊಟ್ಟಳು. ನಾನು ತೆಗೆದುಕೊಂಡೆ.

ಕಾರು ರಾಯಚೂರಿನ ಕಡೆ ಹೊರಟಿತು. ಗಬ್ಬೂರಿನ ಹತ್ತಿರ ಜಗದೀಶ ಹಾಡು ಹಾಕಿದ, ಕನ್ನಡಿಯಲ್ಲಿ ನನ್ನ ಮುಖ ನೋಡಿ ತೆಗೆದ.

ನೋಟರಿ ಗುಲಾಮ್ ದಸ್ತಗೀರ್ ಅವರ ಟೇಬಲ್ಲು ಕೋರ್ಟಿನ ಹತ್ತಿರದ ಒಂದು ಮಳಿಗೆಯಲ್ಲಿತ್ತು. ವಯಸ್ಸಾದ ಮನುಷ್ಯ, ಕಪ್ಪು ಕೋಟು ಕುರ್ಚಿಗೆ ತೊಡಿಸಿ ತಾವು ಬರಿ ಅಂಗಿಯಲ್ಲಿ ಕೂತಿದ್ದರು. ಅಜ್ಜಿಯ ಹೆಬ್ಬೆಟ್ಟು, ಅವ್ವನ ಸಹಿ ತಿರುವಿ ನೋಡಿದರು.

"ಇವರಿಬ್ಬರು ನನ್ನ ಮುಂದ ಬಂದು ಹಾಕಿದ್ರೇನು?"

"ಹೌದ್ರಿ ಸಾಹೇಬ್ರ. ಮುಂಜಾನಿ ಬಂದು ಹೋದ್ರಲ್ಲ," ಎಂದ ಜಗದೀಶ.

ದಸ್ತಗೀರ್ ಸಾಹೇಬರು ಅವನನ್ನು ಒಂದು ಗಳಿಗೆ ನೋಡಿದರು. "ಬಂದಿರಬೇಕು ಹಂಗಾದ್ರ," ಎಂದು ಮೊಹರು ಒತ್ತಿದರು. ಎರಡು ಸಲ. ಆ ಸದ್ದಿಗೆ ಬಾಗಲವಾಡದಲ್ಲಿ ಒಬ್ಬ ಹೆಂಗಸು ಹೆತ್ತು ಸತ್ತಳು, ನಮ್ಮ ದೊಡ್ಡ ಮಾಮಾ ಎಂಟು ವರ್ಷ ಕಿರಿಯನಾದ.

ಮೂರನೆಯ ಕಾಗದ ನನ್ನ ಮುಂದೆ ಬಂತು. ಇಂಗ್ಲಿಷಿನಲ್ಲಿತ್ತು. ನನ್ನ ಪತಿ ನನ್ನ ತಾಯಿಯ ಕುಟುಂಬದಲ್ಲಿ ಜನಿಸಿದವರಲ್ಲ. ನಮ್ಮ ನಡುವೆ ಯಾವುದೇ ರಕ್ತಸಂಬಂಧ ಇರುವುದಿಲ್ಲ, ಎಂದಿಗೂ ಇರಲಿಲ್ಲ. ಹಿಂದಿನ ಅರ್ಜಿಯಲ್ಲಿ ಸ್ಥಳೀಯ ರೂಢಿಯ ಪ್ರಕಾರ ಹಾಗೆ ಬರೆಯಲಾಗಿತ್ತು.

"ಓದಿ, ತಿಳಕೊಂಡು ಹಾಕ್ರಿ ತಾಯಿ," ಎಂದರು ದಸ್ತಗೀರ್ ಸಾಹೇಬರು.

"ಅವರಿಗೆ ನಮಗಿಂತ ಚೊಲೋ ಇಂಗ್ಲಿಷ್ ಬರತದ್ರಿ," ಎಂದ ಜಗದೀಶ. "ಹಾಕ್ರಿ ಮೇಡಂ. ಇದೊಂದು ಆತಂದ್ರ ದೀಪಾವಳಿಗೆ ಮೌನೇಶಣ್ಣಾರು ನಿಮ್ಮ ಲೀಡ್ಸಿನ ಮನ್ಯಾಗ ಕುಂತು ಚಾ ಕುಡೀತಾರ."

ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಅವನಿಗೆ ಅಲ್ಲಿ ಬಹಳ ವರ್ಷ ಬಾಗಿಲು ಮುಚ್ಚುತ್ತದೆ, ನನ್ನ ನೌಕರಿಯೂ ಹೋಗಬಹುದು. ಆದರೆ ನಾನು ಪೆನ್ನು ಹಿಡಿದು ಕೂತದ್ದು ಆ ಹೆದರಿಕೆಯಿಂದಲ್ಲ. ಎಂದಿಗೂ ಇರಲಿಲ್ಲ ಅನ್ನುವ ಮಾತಿನ ಮೇಲೆ ನನ್ನ ಕಣ್ಣು ನಿಂತಿತ್ತು. ಎಂದಿಗೂ ಇರಲಿಲ್ಲ ಅಂದರೆ, ಒಲೆಯ ಮುಂದೆ ನಾನು ಬೇಡ ಅಂದದ್ದೂ ಇರಲಿಲ್ಲ. ಓಣಿಯ ಹುಡುಗನೊಬ್ಬನನ್ನು ಒಪ್ಪಿ ಮದುವೆಯಾದ ಹುಡುಗಿ, ಅಷ್ಟೇ. ಸಾರಾಳಿಗೆ ಹೇಳಿದ ಕಥೆ ಈಗ ಮೊಹರು ಒತ್ತಿಸಿಕೊಳ್ಳಲು ಬಂದು ಕೂತಿತ್ತು. ಆ ತಿರಸ್ಕಾರದ ಪತ್ರದ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ, ಅವ ನನ್ನ ಮಾಮಾ ಅನ್ನುವ ಅವತ್ತಿನ ನನ್ನ ಮಾತನ್ನು ಇನ್ನೊಬ್ಬರು ಹೇಳಿದ್ದು ಅದೊಂದರಲ್ಲಿ ಮಾತ್ರ.

"ಮಾಮಾ," ಎಂದೆ. "ನೀ ಹೇಳು."

"ನಾ ಏನು ಹೇಳಲಿ. ನೀ ಹೆಂಗಂತೀಯೋ ಹಂಗ."

"ಲಗ್ನದಾಗೂ ಹಿಂಗ ಅಂದಿದ್ದಿ. ಅಕ್ಕ ಹೆಂಗಂತಾಳೋ ಹಂಗ ಅಂತ. ನೀ ಒಮ್ಮೆರ ನಿನ್ನ ಬಾಯಿಲೆ ಹೇಳು, ನಿನಗೇನು ಬೇಕು?"

ಜಗದೀಶ ಹೊರಗೆ ಹೋಗಲು ಎದ್ದ. "ಕೂಡ್ರಿ," ಎಂದೆ. ಕೂತ.

ಮೌನೇಶ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. ಅವನ ಕೂದಲಿನಲ್ಲಿ ಮಿಲ್ಲಿನ ತೌಡಿನ ಪುಡಿ ಇತ್ತು, ಯಾವಾಗಲೂ ಇರುವ ಹಾಗೆ.

"ನನಗ ನಿನ್ನ ಜೋಡಿ ಇರಬೇಕು, ರತ್ನಾ," ಎಂದ. "ಫೋನಿನಾಗ ಸಾಕಾಗ್ಯದ. ನೀ ಅಲ್ಲಿ ಜ್ವರ ಬಂದು ಮಲಗಿದ್ರ ಇಲ್ಲಿ ನಾ ಏನು ಮಾಡ್ಲಿ? ನನಗ ನಿನ್ನ ಜೋಡಿ ಇರಬೇಕು. ಅದಕ್ಕ ನಾ ಯಾರ ಮಗ ಆದ್ರೂ ನಡೀತದ."

ಮೊದಲನೆಯ ಮಾತಿಗಾಗಿ ನಾನು ಮದುವೆಯಾದ ದಿನದಿಂದ ಕಾದಿದ್ದೆ. ಅದು ಬಂತು. ಕೊನೆಯದು ಅದರ ಬೆನ್ನಿಗೇ ಬಂತು. ಇವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಕಪಾಳಕ್ಕೆ ಹೊಡೆಯಬೇಕು ಅಂತಲೂ ಅನ್ನಿಸಿತು.

"ಹಾಂ, ಮುಗೀತಲ್ಲ ಮೇಡಂ!" ಜಗದೀಶ ಕಾಗದವನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿ, ಸಹಿಯ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದ. "ಇಲ್ಲಿ."

ನಾನು ಪೆನ್ನಿಗೆ ಮುಚ್ಚಳ ಹಾಕಿ ದಸ್ತಗೀರ್ ಸಾಹೇಬರ ಮುಂದೆ ಇಟ್ಟೆ.

"ನಾ ಹಾಕಂಗಿಲ್ಲ."